ಗಾಲ್ಫ್ ಟೂರ್ನಿ ನೋಡಲು ಹೊರಟ ಮಲೆನಾಡಿನವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಗೆಳೆಯರು, ನೆಂಟರು ಆಗಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಟಿವಿಯಲ್ಲಿ ಗಾಲ್ಫ್ ನೋಡಿ ಬೇಸರಪಟ್ಟವರು ಬಹಳ ಜನ. ಅವರಿಗೆ ನಾನು ಹೇಳುವುದು ಒಂದೇ: ಒಮ್ಮೆ ಮೈದಾನಕ್ಕೆ ಹೋಗಿ ನೋಡಿ. ದೇಶದ ಒಳ್ಳೆಯ ಆಟಗಾರರು ಕೆಲವೇ ಅಡಿ ದೂರದಲ್ಲಿ ನಿಂತು ಆಡುವುದನ್ನು ಇಷ್ಟು ಸುಲಭವಾಗಿ ನೋಡಲು ಬೇರೆ ಯಾವ ಆಟದಲ್ಲೂ ಆಗುವುದಿಲ್ಲ.

ನನಗೆ ಗಾಲ್ಫ್ ಆಡಲು ಬರುವುದಿಲ್ಲ. ಹೋದರೆ ಏನಾದರೂ ಅರ್ಥ ಆಗುತ್ತಾ?

ಖಂಡಿತ ಆಗುತ್ತದೆ. ಚೆಂಡನ್ನು ಕಡಿಮೆ ಹೊಡೆತಗಳಲ್ಲಿ ಕುಳಿಗೆ ಹಾಕಬೇಕು, ಇಷ್ಟೇ ಆಟ. ಹೀಗೆ 18 ಕುಳಿ. ಕುಳಿಗೆ ಎಲ್ಲರೂ ಹೋಲ್ ಅಂತಲೇ ಹೇಳುತ್ತಾರೆ, ಶುರುವಿನಿಂದ ಆ ಕುಳಿವರೆಗಿನ ಇಡೀ ಹಾದಿಗೂ ಅದೇ ಹೆಸರು. ಹೊಡೆಯಲು ಶುರು ಮಾಡುವ ಜಾಗ ಟೀ. ನಡುವಿನ ಕತ್ತರಿಸಿದ ಹುಲ್ಲಿನ ಹಾದಿ ಫೇರ್‌ವೇ. ಕೊನೆಯಲ್ಲಿ ಬಾವುಟ ನೆಟ್ಟಿರುವ ನುಣುಪಾದ ಹುಲ್ಲಿನ ಜಾಗ ಗ್ರೀನ್. ಮರಳಿನ ಗುಂಡಿ ಬಂಕರ್. ಇಷ್ಟು ಗೊತ್ತಿದ್ದರೆ ಮೊದಲ ದಿನಕ್ಕೆ ಸಾಕು.

ನಮಗೆ ಹತ್ತಿರದಲ್ಲಿ ಎಲ್ಲಿ ನೋಡಬಹುದು?

ಬೆಂಗಳೂರು, ಇಲ್ಲದಿದ್ದರೆ ಮೈಸೂರು. ಭಾರತದ ವೃತ್ತಿಪರ ಗಾಲ್ಫ್ ಟೂರ್, ಅಂದರೆ ಟೂರ್ನಿಗಳ ಸರಣಿಯಾದ ಪಿಜಿಟಿಐ 2006ರಿಂದ ನಡೆಯುತ್ತಿದೆ. ಅದರ ಟೂರ್ನಿಗಳು ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನಕ್ಕೆ ಬರುತ್ತವೆ. ಎಲ್ಲರೂ ಕೆಜಿಎ ಅನ್ನುವುದು ಇದಕ್ಕೇ. ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ವಿನ್ಯಾಸ ಮಾಡಿದ ಮೈದಾನ ಇದು. ದೇಶದ ದೊಡ್ಡ ಟೂರ್ನಿಯಾದ ಇಂಡಿಯನ್ ಓಪನ್ ಮೊದಲ ಸಲ 1964ರಲ್ಲಿ ನಡೆದಾಗ ಗೆದ್ದವರು ಥಾಮ್ಸನ್. 2012ರ ಇಂಡಿಯನ್ ಓಪನ್ ಇದೇ ಕೆಜಿಎಯಲ್ಲಿ ನಡೆಯಿತು. ಮಹಿಳೆಯರ ವೃತ್ತಿಪರ ಟೂರ್‌ನ ಪಂದ್ಯಗಳನ್ನೂ ಇಲ್ಲಿ ನೋಡಬಹುದು.

ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ರೇಸ್ ಕೋರ್ಸ್‌ಗೆ ಸೇರಿಕೊಂಡ ಮೈದಾನ, ಎದುರಿಗೆ ಚಾಮುಂಡಿ ಬೆಟ್ಟ. ಮೊದಲ ಸಲ ನೋಡುವವರಿಗೆ, ಅದರಲ್ಲೂ ಹಿರಿಯರ ಜತೆ ಹೋಗುವವರಿಗೆ ನಾನು ಇದನ್ನೇ ಹೇಳುವುದು. ನೆಲ ಬಹುಪಾಲು ಸಮತಟ್ಟು, ದಾರಿ ತಪ್ಪುವ ಭಯವಿಲ್ಲ.

ಮಲೆನಾಡಿನಲ್ಲೂ ಗಾಲ್ಫ್ ಹೊಸದೇನಲ್ಲ. ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ನಡುವೆ ಗಾಲ್ಫ್ ಮೈದಾನ ಇದೆ. ಶಿವಮೊಗ್ಗದಿಂದ ತರೀಕೆರೆ ಮೇಲೆ ಹೋದರೆ ಸುಮಾರು 100 ಕಿಲೋಮೀಟರ್. ಅತ್ತ ಕೊಡಗಿನಲ್ಲೂ ಇವೆ. ಇವು ಸದಸ್ಯರ ಕ್ಲಬ್‌ಗಳು, ಹಾಗಾಗಿ ಮೊದಲೇ ಫೋನ್ ಮಾಡಿ ಅನುಮತಿ ಕೇಳಬೇಕು. ಬೆಂಗಳೂರಿಗೆ ಹೋಗುವ ಮೊದಲು ಒಂದು ಗಾಲ್ಫ್ ಮೈದಾನ ಹೇಗಿರುತ್ತದೆ ಅಂತ ಕಣ್ಣಾರೆ ನೋಡಲು ಚಿಕ್ಕಮಗಳೂರು ಒಳ್ಳೆಯ ಜಾಗ.

ಅಡಿಕೆ ಕೊಯ್ಲು ಬಿಟ್ಟು ಬರಲು ಆಗುವುದಿಲ್ಲ. ಯಾವ ತಿಂಗಳು ಅನುಕೂಲ?

ಫೆಬ್ರುವರಿಯಿಂದ ಏಪ್ರಿಲ್. ಅಷ್ಟರಲ್ಲಿ ಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ಒಂದು ಹಂತಕ್ಕೆ ಬಂದಿರುತ್ತದೆ. ದೇಶಿ ಟೂರ್‌ನ ವರ್ಷದ ಮೊದಲ ಭಾಗವೂ ಆಗಲೇ ನಡೆಯುತ್ತದೆ. ಪುರುಷರ ಇಂಡಿಯನ್ ಓಪನ್ ಈಚಿನ ವರ್ಷಗಳಲ್ಲಿ ಮಾರ್ಚ್ ಆಸುಪಾಸಿನಲ್ಲಿ ನಡೆಯುತ್ತಿದೆ, ಆದರೆ ಅದಕ್ಕೆ ದೆಹಲಿ ಪಕ್ಕದ ಗುರುಗ್ರಾಮಕ್ಕೆ ಹೋಗಬೇಕು. ಎರಡನೇ ಭಾಗ ಮಳೆ ಇಳಿದ ಮೇಲೆ ಡಿಸೆಂಬರ್‌ವರೆಗೆ. ಅದು ತೋಟದವರಿಗೆ ಕಷ್ಟ, ಪೇಟೆಯವರಿಗೆ ತೊಂದರೆ ಇಲ್ಲ. ದಿನಾಂಕಗಳು ವರ್ಷ ವರ್ಷ ಬದಲಾಗುತ್ತವೆ. ರೈಲು, ಬಸ್ ಟಿಕೆಟ್ ಬುಕ್ ಮಾಡುವ ಮೊದಲು ಟೂರ್‌ನ ವೆಬ್‌ಸೈಟ್‌ನಲ್ಲಿ ವೇಳಾಪಟ್ಟಿ ನೋಡಿ.

ಒಳಗೆ ಹೋಗಲು ಟಿಕೆಟ್ ಎಷ್ಟು?

ದೇಶಿ ಟೂರ್‌ನ ಟೂರ್ನಿಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಗೇಟಿನಲ್ಲಿ ಹೆಸರು, ಫೋನ್ ನಂಬರ್ ಬರೆದು, ಟೂರ್ನಿ ನೋಡಲು ಬಂದಿದ್ದೇವೆ ಅಂತ ಹೇಳಿದರೆ ಸಾಕಾಗುತ್ತದೆ. ಗುರುತಿನ ಚೀಟಿ ಜೇಬಿನಲ್ಲಿರಲಿ. ವಿದೇಶಿ ಟೂರ್‌ಗಳ ಜತೆ ಸೇರಿ ನಡೆಯುವ ದೊಡ್ಡ ಟೂರ್ನಿಗಳಿಗೆ ಮೊದಲೇ ಹೆಸರು ನೋಂದಾಯಿಸಬೇಕಾಗಬಹುದು, ದುಡ್ಡೂ ಇರಬಹುದು.

ಗಾಲ್ಫ್ ಕ್ಲಬ್ ಗೇಟಿನ ಮುಂದೆ ನಿಂತಾಗ ನಮ್ಮ ಕಡೆಯವರಿಗೆ ಒಂದು ಅಳುಕು ಬರುತ್ತದೆ. ಇದು ದೊಡ್ಡವರ ಜಾಗ, ನಮ್ಮನ್ನು ಬಿಡುತ್ತಾರಾ ಅಂತ. ಟೂರ್ನಿಯ ವಾರ ಆ ಅಳುಕು ಬೇಡ. ನಮ್ಮ ದೇಶಿ ಟೂರ್ನಿಗಳಲ್ಲಿ ನೋಡುವವರು ತೀರಾ ಕಡಿಮೆ. ಒಬ್ಬ ಆಟಗಾರ ಚೆಂದದ ಹೊಡೆತ ಹೊಡೆದಾಗ ಚಪ್ಪಾಳೆ ತಟ್ಟಲು ನಾಲ್ಕು ಜನರೂ ಇಲ್ಲದ ಹೋಲ್‌ಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ನೀವು ಹೋದರೆ ಅವರಿಗೆ ಖುಷಿಯೇ ಆಗುತ್ತದೆ.

ಶಿವಮೊಗ್ಗದಿಂದ ಹೇಗೆ ಹೋಗುವುದು?

ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 300 ಕಿಲೋಮೀಟರ್. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ದಾರಿ. ರಾತ್ರಿ ಹೊರಡುವ ತಾಳಗುಪ್ಪ ರೈಲಿಗೆ ಹತ್ತಿದರೆ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು ನೇರವಾಗಿ ಮೈದಾನಕ್ಕೆ ಹೋಗಬಹುದು. ಅದೇ ರೈಲು ಮೈಸೂರಿಗೂ ಹೋಗುತ್ತದೆ. ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಶುರುವಾದ ಮೇಲೆ ವಿಮಾನವೂ ಒಂದು ದಾರಿ. ಆದರೆ ಬೆಳಗಿನ ಆಟ ನೋಡಬೇಕೆಂದರೆ ರಾತ್ರಿ ರೈಲೇ ಸರಿ.

ಮೆಜೆಸ್ಟಿಕ್‌ನಿಂದ ಕೆಜಿಎಗೆ ನೇರಳೆ ಮಾರ್ಗದ ಮೆಟ್ರೊದಲ್ಲಿ ಇಂದಿರಾನಗರಕ್ಕೆ ಹೋಗಿ, ಅಲ್ಲಿಂದ ಆಟೊ ಹಿಡಿಯಿರಿ. ಒಂದು ಎಚ್ಚರಿಕೆ: ಕೆಜಿಎ ಇರುವ ಜಾಗಕ್ಕೆ ಹಳೆಯ ಕಾಲದಿಂದ ಚಲ್ಲಘಟ್ಟ ಅನ್ನುವ ಹೆಸರಿದೆ. ಅದೇ ಹೆಸರಿನ ಮೆಟ್ರೊ ನಿಲ್ದಾಣ ಇರುವುದು ಊರಿನ ಇನ್ನೊಂದು ತುದಿಯಲ್ಲಿ, ಮೈಸೂರು ರಸ್ತೆ ಕಡೆ. ಹೆಸರು ನೋಡಿ ಅಲ್ಲಿಗೆ ಹೋಗಬೇಡಿ.

ಟೂರ್ನಿ ಎಷ್ಟು ದಿನ? ಯಾವ ದಿನ ಹೋಗಬೇಕು?

ಸಾಮಾನ್ಯವಾಗಿ ನಾಲ್ಕು ದಿನ, ದಿನಕ್ಕೆ 18 ಹೋಲ್, ಒಟ್ಟು 72. ವಿದೇಶಿ ಟೂರ್‌ಗಳಲ್ಲಿ ಗುರುವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ನಮ್ಮ ದೇಶಿ ಟೂರ್ನಿಗಳು ಎಷ್ಟೋ ಸಲ ಮಂಗಳವಾರ ಶುರುವಾಗಿ ಶುಕ್ರವಾರ ಮುಗಿಯುತ್ತವೆ. ಭಾನುವಾರ ಹೋದರಾಯ್ತು ಅಂತ ಸುಮ್ನೆ ಹೊರಡಬೇಡಿ, ಖಾಲಿ ಮೈದಾನ ನೋಡಿ ಬರಬೇಕಾದೀತು.

ಒಂದೇ ದಿನ ಬಿಡುವಿದ್ದರೆ ಎಲ್ಲರೂ ಕೊನೆಯ ದಿನ ಹೋಗಿ ಅನ್ನುತ್ತಾರೆ. ನಾನು ಎರಡನೇ ದಿನ ಮಧ್ಯಾಹ್ನ ಅನ್ನುತ್ತೇನೆ. ಕಾರಣ ಇದೆ. ಎರಡು ದಿನದ ಆಟ ಮುಗಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಆಟಗಾರರು ಹೊರಗೆ ಹೋಗುತ್ತಾರೆ. ಇದನ್ನು ಕಟ್ ಅನ್ನುತ್ತಾರೆ. ಪಿಜಿಟಿಐನಲ್ಲಿ ಸಾಮಾನ್ಯವಾಗಿ ಮೊದಲ 50 ಸ್ಥಾನ ಮತ್ತು 50ನೇ ಸ್ಥಾನದ ಸಮಸಮ ಸ್ಕೋರಿನವರು ಉಳಿಯುತ್ತಾರೆ. ಹೊರಗೆ ಹೋದವರಿಗೆ ಸಾಮಾನ್ಯವಾಗಿ ಬಹುಮಾನದ ದುಡ್ಡಿನಲ್ಲಿ ಒಂದು ರೂಪಾಯಿಯೂ ಇಲ್ಲ. ಬಂದ ಖರ್ಚು, ಹೋಟೆಲ್ ಖರ್ಚು, ಬ್ಯಾಗ್ ಹೊತ್ತು ಜತೆಗೆ ನಡೆಯುವ ಕ್ಯಾಡಿಯ ಕೂಲಿ ಎಲ್ಲ ಕೈಯಿಂದಲೇ. ಕಟ್ ಗೆರೆಯ ಮೇಲೆ ನಿಂತ ಹುಡುಗನೊಬ್ಬ ಕೊನೆಯ ಹೋಲ್‌ನಲ್ಲಿ ನಾಲ್ಕು ಅಡಿ ದೂರದಿಂದ ಚೆಂಡು ತಳ್ಳಬೇಕು. ಒಳಗೆ ಬಿದ್ದರೆ ಈ ವಾರ ಸಂಪಾದನೆ ಇದೆ, ತಪ್ಪಿದರೆ ಬ್ಯಾಗ್ ಕಟ್ಟಬೇಕು. ಗೆಲ್ಲುವವನ ಸಂತೋಷವನ್ನು ಮರುದಿನದ ಪತ್ರಿಕೆಯಲ್ಲೂ ನೋಡಬಹುದು. ಈ ಹುಡುಗನ ಆಟವನ್ನು ಅಲ್ಲೇ ನಿಂತು ನೋಡಿದರೆ ಮಾತ್ರ ಗೊತ್ತಾಗುವುದು. ವೃತ್ತಿಪರ ಅನ್ನುವುದು ಎಷ್ಟು ಕಷ್ಟದ ಬದುಕು ಅಂತ ಆ ಮಧ್ಯಾಹ್ನ ತಿಳಿಯುತ್ತದೆ.

ಎರಡು ದಿನ ಇದ್ದರೆ ಎರಡನೆಯದೂ ಕೊನೆಯದೂ ನೋಡಿ.

ಸ್ಕೋರ್ ಪಟ್ಟಿಯಲ್ಲಿ ಮೈನಸ್ ಇದ್ದವರು ಮುಂದೆ ಇರುತ್ತಾರೆ. ಯಾಕೆ?

ಪ್ರತಿ ಹೋಲ್‌ಗೂ ಇಷ್ಟು ಹೊಡೆತ ಅಂತ ಒಂದು ಲೆಕ್ಕ ಇರುತ್ತದೆ. ಅದು ಪಾರ್. ದೂರ ನೋಡಿಕೊಂಡು 3, 4 ಅಥವಾ 5. ಎಲ್ಲ 18 ಸೇರಿದರೆ ಹೆಚ್ಚಾಗಿ 70ರಿಂದ 72. ಪಾರ್‌ಗಿಂತ ಒಂದು ಕಡಿಮೆ ಹೊಡೆದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್. ಒಂದು ಜಾಸ್ತಿಯಾದರೆ ಬೋಗಿ. ಪಾರ್ 72 ಇರುವ ಮೈದಾನದಲ್ಲಿ 68 ಹೊಡೆದವನ ಹೆಸರಿನ ಮುಂದೆ ಮೈನಸ್ 4 ಇರುತ್ತದೆ. ನಾಲ್ಕೂ ದಿನದ್ದನ್ನು ಕೂಡಿಸುತ್ತಾ ಹೋಗುತ್ತಾರೆ, ಕಡಿಮೆ ಇದ್ದವರು ಗೆದ್ದರು. ಸಮ ಆದರೆ ಪ್ಲೇಆಫ್: ಸಮ ಇದ್ದವರು ಮತ್ತೆ ಒಂದು ಹೋಲ್ ಆಡುತ್ತಾರೆ, ಹೆಚ್ಚಾಗಿ 18ನೆಯದನ್ನೇ. ತೀರ್ಮಾನ ಆಗುವವರೆಗೂ ಹೀಗೇ.

ಮೈದಾನ ಅಷ್ಟು ದೊಡ್ಡದು. ಎಲ್ಲಿ ನಿಂತು ನೋಡಬೇಕು?

ಎಲ್ಲರೂ ಎಡವುವುದು ಇಲ್ಲೇ. ಕ್ರಿಕೆಟ್‌ಗೆ ನವುಲೆ ಮೈದಾನಕ್ಕೆ ಹೋದರೆ ಒಂದು ಕಡೆ ಕೂತು ಎಲ್ಲವನ್ನೂ ನೋಡಬಹುದು. ಗಾಲ್ಫ್ ಸಾಗರದ ಮಾರಿಕಾಂಬಾ ಜಾತ್ರೆಯ ಹಾಗೆ. ಒಂದೇ ಹೊತ್ತಿಗೆ ಹತ್ತು ಕಡೆ ಹತ್ತು ಸಂಗತಿ ನಡೆಯುತ್ತಿರುತ್ತದೆ, ಎಲ್ಲ ಕಡೆ ನೀವು ಇರಲು ಆಗುವುದಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡರೆ ದಿನ ಚೆನ್ನಾಗಿ ಹೋಗುತ್ತದೆ.

ಬೆಳಗ್ಗೆ ಮೊದಲು ಡ್ರೈವಿಂಗ್ ರೇಂಜ್‌ಗೆ ಹೋಗಿ. ಆಟಕ್ಕೆ ಮುಂಚೆ ಎಲ್ಲರೂ ಇಲ್ಲಿ ಸಾಲಾಗಿ ನಿಂತು ಅಭ್ಯಾಸ ಮಾಡುತ್ತಾರೆ. ಚೆಂಡಿಗೆ ಹೊಡೆತ ಬೀಳುವ ಆ ಶಬ್ದ ಟಿವಿಯಲ್ಲಿ ಸರಿಯಾಗಿ ಕೇಳುವುದಿಲ್ಲ. ಒಬ್ಬ ಆಟಗಾರ ಒಂದೇ ಜಾಗಕ್ಕೆ ಒಂದರ ಹಿಂದೆ ಒಂದು ಚೆಂಡು ಕಳಿಸುತ್ತಾನೆ. ಒಂದು ಎಡಕ್ಕೆ ಬಾಗುತ್ತದೆ, ಇನ್ನೊಂದು ಬಲಕ್ಕೆ, ಎರಡೂ ಬೇಕಂತಲೇ ಹೊಡೆದದ್ದು. ಅರ್ಧ ಗಂಟೆ ಇಲ್ಲಿ ನಿಂತರೆ ಆಟದ ಮೇಲೆ ಗೌರವ ಹುಟ್ಟುತ್ತದೆ.

ಆಮೇಲೆ ಒಂದು ಗುಂಪು ಹಿಡಿಯಿರಿ. ಮೊದಲೆರಡು ದಿನ ಹೆಚ್ಚಾಗಿ ಮೂವರು ಒಟ್ಟಿಗೆ ಆಡುತ್ತಾರೆ. ಕೊನೆಯ ದಿನ ಮುಂದಿರುವವರು ಕೊನೆಯಲ್ಲಿ ಹೊರಡುತ್ತಾರೆ. ಯಾರು ಎಷ್ಟು ಹೊತ್ತಿಗೆ, ಯಾವ ಹೋಲ್‌ನಿಂದ ಎಂಬ ಪಟ್ಟಿ ಹಿಂದಿನ ಸಂಜೆಯೇ ಸಿಗುತ್ತದೆ. ಮೊದಲ ದಿನಗಳಲ್ಲಿ 1ನೇ ಮತ್ತು 10ನೇ ಹೋಲ್ ಎರಡರಿಂದಲೂ ಶುರು ಮಾಡಿಸುತ್ತಾರೆ, ಅದನ್ನೂ ನೋಡಿಕೊಳ್ಳಿ. ಒಂದು ಗುಂಪಿನ ಜತೆ ಒಂಬತ್ತು ಹೋಲ್ ನಡೆದರೆ ಅವರ ಸ್ವಭಾವ ಗೊತ್ತಾಗುತ್ತದೆ. ಒಬ್ಬ ಬೋಗಿ ಆದ ಮೇಲೆ ಕ್ಯಾಡಿ ಹತ್ತಿರ ಮಾತೇ ಆಡುವುದಿಲ್ಲ. ಇನ್ನೊಬ್ಬ ನಗುತ್ತಾ ಮುಂದೆ ಹೋಗುತ್ತಾನೆ. ಕಥೆ ಅಲ್ಲೇ ಇರುವುದು.

ನಡೆಯುವಾಗ ಒಂದು ಉಪಾಯ ಇದೆ. ಆಟಗಾರರ ಪಕ್ಕದಲ್ಲಿ ನಡೆಯಬೇಡಿ, ಒಂದು ಹೊಡೆತದಷ್ಟು ಮುಂದೆ ಹೋಗಿ ಬದಿಯಲ್ಲಿ ಕಾಯಿರಿ. ಚೆಂಡು ಬಂದು ಬೀಳುವುದು, ಅವರು ಬರುವುದು, ಮುಂದಿನ ಹೊಡೆತ ಯೋಚಿಸುವುದು ಎಲ್ಲ ಕಾಣುತ್ತದೆ. ಹಿಂದೆಯೇ ಓಡಿದರೆ ಚೆಂಡು ಹೋಗಿದ್ದೂ ಕಾಣುವುದಿಲ್ಲ, ಬಿದ್ದಿದ್ದೂ ಕಾಣುವುದಿಲ್ಲ.

ಸುಸ್ತಾದಾಗ ಪಾರ್ 3 ಹೋಲ್ ಒಂದರ ಗ್ರೀನ್ ಹಿಂದೆ ಮರದ ನೆರಳು ಹುಡುಕಿ ಕೂರಿ. ಟೀ, ಗ್ರೀನ್ ಎರಡೂ ಒಂದೇ ಕಡೆಯಿಂದ ಕಾಣುವುದು ಅಲ್ಲಿ ಮಾತ್ರ. ಹತ್ತು, ಹದಿನೈದು ನಿಮಿಷಕ್ಕೊಂದು ಗುಂಪು ಬರುತ್ತಲೇ ಇರುತ್ತದೆ.

ಒಟ್ಟು ಎಷ್ಟು ನಡೆಯಬೇಕಾಗುತ್ತದೆ?

ಮೈದಾನದ ಅಳತೆಯೇ ಆರು ಕಿಲೋಮೀಟರ್ ಮೇಲೆ. ಅತ್ತಿತ್ತ ಓಡಾಡಿದ್ದು ಸೇರಿದರೆ 8ರಿಂದ 10. ಒಂದು ಗುಂಪು 18 ಹೋಲ್ ಮುಗಿಸಲು ನಾಲ್ಕೂವರೆ, ಐದು ಗಂಟೆ ಬೇಕು. ಗುಡ್ಡ ಹತ್ತಿ ಇಳಿದು ಅಭ್ಯಾಸ ಇರುವ ನಮಗೆ ನಡಿಗೆ ಕಷ್ಟವಲ್ಲ. ಕಷ್ಟ ಕೊಡುವುದು ಬಯಲುಸೀಮೆಯ ಒಣ ಬಿಸಿಲು.

ಮಾತೇ ಆಡಬಾರದಾ?

ಆಡಬಹುದು. ಆಟಗಾರ ಚೆಂಡಿನ ಮುಂದೆ ನಿಂತ ಮೇಲೆ ಮಾತ್ರ ಬೇಡ. ಆಗ ಅಲುಗಾಡಬೇಡಿ, ಚೀಲದ ಜಿಪ್ ಎಳೆಯಬೇಡಿ, ಚಿಪ್ಸ್ ಪೊಟ್ಟಣ ಬಿಚ್ಚಬೇಡಿ. ಜನರನ್ನು ನೋಡಿಕೊಳ್ಳುವ ಮಾರ್ಷಲ್‌ಗಳು ಕೈ ಎತ್ತಿದರೆ ಅಥವಾ ಸದ್ದು ಬೇಡ ಎಂಬ ಫಲಕ ತೋರಿಸಿದರೆ ಇದ್ದಲ್ಲೇ ನಿಲ್ಲಿ. ನಿಂತ ಚೆಂಡನ್ನು ತನ್ನ ಮನಸ್ಸು ಹಿಡಿತಕ್ಕೆ ಬಂದಾಗ ಹೊಡೆಯುವ ಆಟ ಇದು. ಒಂದು ಸದ್ದಿನಿಂದ ಹಿಡಿತ ತಪ್ಪುತ್ತದೆ, ಅವನ ಅನ್ನಕ್ಕೆ ಪೆಟ್ಟು ಬೀಳುತ್ತದೆ.

ಹೊಡೆದ ಮೇಲೆ ಚಪ್ಪಾಳೆ ಧಾರಾಳವಾಗಿ ತಟ್ಟಿ. ಶಾಭಾಷ್ ಅನ್ನಿ, ಕನ್ನಡದಲ್ಲೇ ಅನ್ನಿ. ತಪ್ಪು ಹೊಡೆತಕ್ಕೆ ನಗುವುದು, ಕೂಗುವುದು ಬೇಡ. ಇನ್ನೊಂದು ಮಾತು: ನಿಮ್ಮ ಮೆಚ್ಚಿನ ಆಟಗಾರ ಚೆಂಡು ಒಳಗೆ ಹಾಕಿದ ಕೂಡಲೇ ಮುಂದಿನ ಹೋಲ್‌ಗೆ ಹೊರಟುಬಿಡಬೇಡಿ. ಗ್ರೀನ್ ಮೇಲೆ ಇನ್ನೂ ಇಬ್ಬರು ಆಡುವುದಿರುತ್ತದೆ. ಜನ ಎದ್ದು ನಡೆಯುವಾಗ ಅವರು ಆಡಬೇಕಾಗುತ್ತದೆ. ಅದು ಅವರಿಗೆ ಮಾಡುವ ಅನ್ಯಾಯ.

ಮೊಬೈಲ್ ಒಯ್ಯಬಹುದಾ?

ನಮ್ಮ ಕಡೆಯ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಒಯ್ಯಬಹುದು. ಗೇಟಿನಲ್ಲಿ ಹಾಕಿರುವ ನಿಯಮ ಓದಿಕೊಳ್ಳಿ. ಫೋನ್ ಸೈಲೆಂಟ್‌ನಲ್ಲಿರಲಿ, ಹೊಡೆತದ ಹೊತ್ತಿನಲ್ಲಿ ಫೋಟೊ, ವಿಡಿಯೊ ಬೇಡ. ಅಮೆರಿಕದ ಮಾಸ್ಟರ್ಸ್ ಟೂರ್ನಿಯಲ್ಲಿ ಪ್ರೇಕ್ಷಕರು ಮೊಬೈಲ್ ತರುವುದನ್ನೇ ನಿಷೇಧಿಸಿದ್ದಾರೆ, ಅಲ್ಲಿ ಓಡುವುದಕ್ಕೂ ಬಿಡುವುದಿಲ್ಲ. ನಮ್ಮಲ್ಲೂ ಹಾಗೇ ಮಾಡಿದರೆ ನನಗೆ ಬೇಸರವಿಲ್ಲ.

ಬಟ್ಟೆ, ಚಪ್ಪಲಿ ಹೇಗಿರಬೇಕು?

ಕಾಲರ್ ಇರುವ ಅಂಗಿ, ಪ್ಯಾಂಟ್, ತಳ ಸಮತಟ್ಟಾಗಿರುವ ಶೂ. ಹೆಂಗಸರು ಚೂಡಿದಾರ್, ಸೀರೆ ಏನಾದರೂ ಉಡಬಹುದು, ಹೀಲ್ಸ್ ಮಾತ್ರ ಬೇಡವೇ ಬೇಡ. ಅದು ಹುಲ್ಲಿನಲ್ಲಿ ಇಳಿಯುತ್ತದೆ, ಕಾಲೂ ಉಳುಕುತ್ತದೆ. ಮೈದಾನದ ಬದಿಯಲ್ಲಿ ನೋಡುವವರನ್ನು ಯಾರೂ ಅಷ್ಟು ತಡೆಯುವುದಿಲ್ಲ. ಕ್ಲಬ್ ಹೌಸ್ ಒಳಗಿನ ನಿಯಮ ಬಿಗಿ: ದುಂಡು ಕತ್ತಿನ ಟೀ ಶರ್ಟ್, ಹವಾಯಿ ಚಪ್ಪಲಿಗೆ ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ. ಅಜ್ಜ ಪಂಚೆಯಲ್ಲೇ ಬರುತ್ತೇನೆ ಎಂದರೆ ಮೊದಲೇ ಕ್ಲಬ್‌ಗೆ ಫೋನ್ ಮಾಡಿ ಕೇಳಿ. ಅಷ್ಟು ದೂರ ಕರೆದುಕೊಂಡು ಹೋಗಿ ಅವರಿಗೆ ಗೇಟಿನಲ್ಲಿ ಮುಜುಗರ ಆಗಬಾರದು.

ಎಲೆ ಅಡಿಕೆ ಹಾಕಿಕೊಳ್ಳಬಹುದಾ?

ಮೈದಾನದ ಒಳಗೆ ಬೇಡ. ಉಗುಳಲು ಅಲ್ಲಿ ಜಾಗವಿಲ್ಲ. ಆ ಹುಲ್ಲನ್ನು ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸಿ, ನೀರು ಬಿಟ್ಟು, ಮಕ್ಕಳ ಹಾಗೆ ಸಾಕಿರುತ್ತಾರೆ. ಊಟದ ಹೊತ್ತಿಗೆ ಹೊರಗೆ ಬಂದಾಗ ಹಾಕಿಕೊಳ್ಳಲಿ.

ಚೆಂಡು ತಾಗಿದರೆ ಗತಿ ಏನು?

ಈ ಭಯ ಸರಿಯಾದದ್ದೇ. ಚೆಂಡಿನ ತೂಕ 46 ಗ್ರಾಂ ಒಳಗೆ, ಆದರೆ ಕಲ್ಲಿನ ಹಾಗೆ ಗಟ್ಟಿ. ವೃತ್ತಿಪರರ ದೊಡ್ಡ ಹೊಡೆತದಲ್ಲಿ ಅದು ಗಂಟೆಗೆ 250 ಕಿಲೋಮೀಟರ್‌ಗಿಂತ ವೇಗವಾಗಿ ಹೊರಡುತ್ತದೆ. ಹಾಗಾಗಿ ಮೂರು ವಿಷಯ ನೆನಪಿರಲಿ. ಆಟಗಾರ ಹೊಡೆಯುವ ಗೆರೆಯಲ್ಲಿ ಎಂದೂ ನಿಲ್ಲಬೇಡಿ. ಫೇರ್‌ವೇ ದಾಟುವ ಮೊದಲು ಟೀ ಕಡೆ ತಿರುಗಿ ನೋಡಿ. ದೂರದಿಂದ ಫೋರ್ ಎಂಬ ಕೂಗು ಕೇಳಿದರೆ ಚೆಂಡು ಜನರ ಕಡೆ ಬರುತ್ತಿದೆ ಎಂದರ್ಥ. ಆಗ ಎಲ್ಲಿ ಅಂತ ತಲೆ ಎತ್ತಿ ಹುಡುಕಬೇಡಿ. ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಬಗ್ಗಿ ಕೂರಿ. ಮಗು ಜತೆಗಿದ್ದರೆ ಅದನ್ನು ಒಳಗೆ ಅವಚಿಕೊಳ್ಳಿ.

ಚೆಂಡು ನನ್ನ ಕಾಲ ಬುಡದಲ್ಲೇ ಬಂದು ಬಿತ್ತು. ಎತ್ತಿ ಕೊಡಲಾ?

ಮುಟ್ಟಬೇಡಿ. ಕ್ರಿಕೆಟ್‌ನಲ್ಲಿ ಬೌಂಡರಿ ಆಚೆ ಬಂದ ಚೆಂಡನ್ನು ಎಸೆದು ಕೊಡುವುದು ನಮಗೆ ರೂಢಿ. ಇಲ್ಲಿ ಚೆಂಡು ಬಿದ್ದ ಜಾಗದಿಂದಲೇ ಆಡಬೇಕು. ನೀವು ಒಂದೆರಡು ಹೆಜ್ಜೆ ಹಿಂದೆ ಸರಿದು ಜಾಗ ಬಿಡಿ, ಇತರರು ತುಳಿಯದ ಹಾಗೆ ನೋಡಿಕೊಳ್ಳಿ. ಚೆಂಡು ಆಕಸ್ಮಿಕವಾಗಿ ನಿಮಗೆ ಬಡಿದು ಬೇರೆ ಕಡೆ ಹಾರಿದರೂ ಆಟಗಾರನಿಗೆ ದಂಡವಿಲ್ಲ, ಸಾಮಾನ್ಯವಾಗಿ ನಿಂತ ಕಡೆಯಿಂದಲೇ ಆಡುತ್ತಾನೆ. ಗೊತ್ತಿಲ್ಲದೆ ಕಾಲು ತಾಗಿ ಅಲುಗಿತಾ? ಮುಚ್ಚಿಡಬೇಡಿ, ಹೇಳಿಬಿಡಿ. ಅದನ್ನು ಮೊದಲಿದ್ದ ಜಾಗಕ್ಕೇ ಇಟ್ಟು ಆಡುತ್ತಾರೆ, ಯಾರಿಗೂ ನಷ್ಟವಿಲ್ಲ.

ಚೆಂಡು ಪೊದೆಗೆ ಹೋದರೆ ಹುಡುಕಿಕೊಡಬಹುದು. ಹುಡುಕಲು ಇರುವುದು 3 ನಿಮಿಷ ಮಾತ್ರ, 2019ಕ್ಕೆ ಮುಂಚೆ 5 ಇತ್ತು. ತೋಟದಲ್ಲಿ ಉದುರು ಅಡಿಕೆ ಹೆಕ್ಕಿ ಪಳಗಿದ ಕಣ್ಣು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಕಂಡರೆ ಬೆರಳು ತೋರಿಸಿ, ಅಷ್ಟು ಸಾಕು.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಹೋಗಲೇಬೇಕು. ತೀರಾ ಸಣ್ಣ ಮಕ್ಕಳು ಸುಮ್ಮನೆ ನಿಲ್ಲುವುದಿಲ್ಲ, ಅವರಿಗೆ ಟೂರ್ನಿಯ ಜತೆ ಬೇರೆ ದಿನ ನಡೆಯುವ ಪ್ರೊ-ಆಮ್ ಒಳ್ಳೆಯದು. ಅವತ್ತು ವೃತ್ತಿಪರರು ಹವ್ಯಾಸಿಗಳ ಜತೆ ಸೇರಿ ಆಡುತ್ತಾರೆ, ವಾತಾವರಣ ಸಡಿಲವಾಗಿರುತ್ತದೆ. ಎಂಟು, ಹತ್ತು ವರ್ಷ ದಾಟಿದವರಿಗೆ ಟೂರ್ನಿಯ ದಿನವೇ ಸರಿ.

ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್‌ಗೆ ಬಂದದ್ದು ಹೇಗೆ ಗೊತ್ತಾ? ಐದು ವರ್ಷದವಳಿದ್ದಾಗ ಅಪ್ಪ ಅಮ್ಮನ ಜತೆ ತಿಂಡಿಗೆ ಹೋಗುತ್ತಿದ್ದ ಹೋಟೆಲ್‌ನಿಂದ ಗಾಲ್ಫ್ ಅಭ್ಯಾಸದ ಜಾಗ ಕಾಣುತ್ತಿತ್ತು. ನೋಡಿದಳು, ಕುತೂಹಲ ಆಯಿತು. ಅಪ್ಪ ಅಮ್ಮನಿಗೂ ಆಗ ಗಾಲ್ಫ್ ಬರುತ್ತಿರಲಿಲ್ಲ. ಅದೇ ಹುಡುಗಿ 2016ರಲ್ಲಿ ಮಹಿಳೆಯರ ಇಂಡಿಯನ್ ಓಪನ್ ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಅಲ್ಲಿ ಅವರ ಬ್ಯಾಗ್ ಹೊತ್ತು ಕ್ಯಾಡಿಯಾಗಿ ನಡೆದವರು ಅವರ ಅಮ್ಮ.

ನಮ್ಮ ಕರ್ನಾಟಕದವರು ಯಾರ‍್ಯಾರು? ಯಾರನ್ನು ನೋಡಬೇಕು?

ಗಾಲ್ಫ್ ಬರೀ ಶ್ರೀಮಂತರ ಆಟ ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಸಿ. ಮುನಿಯಪ್ಪ. ಬೆಂಗಳೂರಿನಲ್ಲಿ ಕ್ಯಾಡಿ ಕೆಲಸ ಮಾಡುತ್ತಿದ್ದವರು. ಬೇರೆಯವರ ಬ್ಯಾಗ್ ಹೊತ್ತುಕೊಂಡೇ ಆಟ ಕಲಿತು ವೃತ್ತಿಪರರಾದರು. 2009ರಲ್ಲಿ ಪ್ಲೇಆಫ್‌ನಲ್ಲಿ ಇಂಡಿಯನ್ ಓಪನ್ ಗೆದ್ದರು. ಎರಡನೆಯ ಹೆಸರು ಎಸ್. ಚಿಕ್ಕರಂಗಪ್ಪ. ಬಿಡದಿಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯವರು, ಚೆಂಡು ಹೆಕ್ಕುವ ಹುಡುಗನಾಗಿ ಒಳಗೆ ಹೋದವರು. ಆಮೇಲೆ ದೇಶದ ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. ಇಂಥವರ ಆಟ ನೋಡುವಾಗ ಕ್ಯಾಡಿಗಳ ಕಡೆಗೂ ಕಣ್ಣಿರಲಿ. ದೂರದ ಲೆಕ್ಕ, ಗಾಳಿಯ ಲೆಕ್ಕ, ಗ್ರೀನ್‌ನ ಇಳಿಜಾರು ಎಲ್ಲ ಅವರೊಂದಿಗೇ ಚರ್ಚೆಯಾಗುತ್ತದೆ.

ಅನಿರ್ಬನ್ ಲಾಹಿರಿ ಆಟದಲ್ಲಿ ಬೆಳೆದದ್ದು ಬೆಂಗಳೂರಿನಲ್ಲಿ. 2015ರಲ್ಲಿ ಇಂಡಿಯನ್ ಓಪನ್ ಗೆದ್ದು, ಅದೇ ವರ್ಷ ಅಮೆರಿಕದ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಐದನೇ ಸ್ಥಾನ ಹಂಚಿಕೊಂಡರು. ಮೈಸೂರಿನ ಪ್ರಣವಿ ಅರಸ್ ಯುರೋಪಿನ ಮಹಿಳಾ ಟೂರ್‌ನಲ್ಲಿ ಆಡುತ್ತಾರೆ. ಭಾರತದಲ್ಲಿ ಅವರು ಆಡುವ ದಿನ ಇದ್ದರೆ ಬಿಡಬೇಡಿ.

ಹುಲ್ಲು ಕಿತ್ತು ಗಾಳಿಗೆ ಯಾಕೆ ಬಿಡುತ್ತಾರೆ?

ಗಾಳಿ ಎತ್ತ ಬೀಸುತ್ತಿದೆ ಅಂತ ನೋಡಲು.

ಊಟ, ನೀರು?

ನೀರಿನ ಬಾಟಲಿ, ಟೋಪಿ, ಕೊಡೆ ತಪ್ಪದೆ ಇರಲಿ. ಬಿಸಿಲಿಗೆ ಬಿಡಿಸಿದ ಕೊಡೆಯನ್ನು ಹಿಂದಿನವರಿಗೆ ಅಡ್ಡ ಹಿಡಿಯಬೇಡಿ, ಗ್ರೀನ್ ಹತ್ತಿರ ಬಂದಾಗ ಮಡಚಿ. ಒಳಗೆ ತಿಂಡಿ ಸಿಗುತ್ತದಾ, ಮನೆಯ ಬುತ್ತಿ ಒಯ್ಯಬಹುದಾ ಎಂಬುದು ಟೂರ್ನಿಯಿಂದ ಟೂರ್ನಿಗೆ ಬೇರೆ. ಬುತ್ತಿಯನ್ನು ಗೇಟಿನಲ್ಲಿ ಕೇಳಿ ಒಳಗೆ ಒಯ್ಯಿರಿ, ತಿಂದ ಮೇಲೆ ಕಾಗದ, ಪ್ಲಾಸ್ಟಿಕ್ ವಾಪಸ್ ತನ್ನಿ.

ಮಳೆ ಬಂದರೆ?

ಮಳೆ ಬಂದರೂ ಆಟ ನಡೆಯುತ್ತದೆ. ನಿಲ್ಲಿಸುವುದು ಗ್ರೀನ್ ಮೇಲೆ ನೀರು ನಿಂತಾಗ ಅಥವಾ ಸಿಡಿಲಿನ ಭಯ ಇದ್ದಾಗ. ಒಂದು ಉದ್ದ ಸೈರನ್ ಕೇಳಿದರೆ ತಕ್ಷಣ ಆಟ ನಿಂತಿತು ಎಂದರ್ಥ. ಆಗ ಮರದ ಕೆಳಗೆ ಮಾತ್ರ ನಿಲ್ಲಬೇಡಿ. ಬಯಲಿನಲ್ಲೂ ಬೇಡ. ಕಟ್ಟಡದ ಒಳಗೆ ಹೋಗಿ. ಏಪ್ರಿಲ್ ಸಂಜೆಯ ಗುಡುಗು ಎಷ್ಟು ಬೇಗ ಬರುತ್ತದೆ ಎಂದು ನಮ್ಮವರಿಗೆ ಹೇಳಬೇಕಿಲ್ಲ.

ಆಟೋಗ್ರಾಫ್, ಸೆಲ್ಫಿ ಸಿಗುತ್ತಾ?

ಆಟದ ನಡುವೆ ಕೇಳಬೇಡಿ. 18ನೇ ಹೋಲ್ ಮುಗಿದ ಮೇಲೂ ಅವರು ಮೊದಲು ಸ್ಕೋರ್ ಕಾರ್ಡ್ ಪರೀಕ್ಷಿಸಿ ಸಹಿ ಮಾಡಲು ಹೋಗಬೇಕು. ಅಲ್ಲಿ ತಪ್ಪು ಸ್ಕೋರಿಗೆ ಸಹಿ ಹಾಕಿದರೆ ಟೂರ್ನಿಯಿಂದಲೇ ಹೊರಗೆ ಹಾಕಬಹುದು. ಅದು ಮುಗಿಸಿ ಬಂದ ಮೇಲೆ ಕೇಳಿ. ದೇಶಿ ಆಟಗಾರರು ಸಾಮಾನ್ಯವಾಗಿ ಪ್ರೀತಿಯಿಂದ ನಿಂತು ಮಾತಾಡುತ್ತಾರೆ. ಕೆಟ್ಟದಾಗಿ ಆಡಿ ಮುಖ ಸಪ್ಪಗಿದ್ದರೆ ಅವತ್ತು ಬಿಟ್ಟುಬಿಡಿ.

ಕೊನೆಯ ದಿನ ಆಟ ಮುಗಿಸಿಕೊಂಡು ಅದೇ ರಾತ್ರಿ ಶಿವಮೊಗ್ಗಕ್ಕೆ ಹೊರಡಬಹುದಾ?

ಆರಾಮಾಗಿ ಹೊರಡಬಹುದು. ಕೊನೆಯ ದಿನ ಆಟ ಹೆಚ್ಚಾಗಿ ಮಧ್ಯಾಹ್ನದ ಹೊತ್ತಿಗೆ, ತಡವಾದರೆ ಸಂಜೆಯೊಳಗೆ ಮುಗಿಯುತ್ತದೆ. ಪ್ಲೇಆಫ್ ಆದರೆ ಇನ್ನಷ್ಟು ಹೊತ್ತು. ಜನಶತಾಬ್ದಿಗೆ ಟಿಕೆಟ್ ತೆಗೆದರೆ ಪ್ಲೇಆಫ್ ನಡುವೆ ಗಡಿಯಾರ ನೋಡುತ್ತಾ ನಿಲ್ಲಬೇಕಾದೀತು, ರಾತ್ರಿ ರೈಲು ಅಥವಾ ಬಸ್ಸಿಗೇ ತೆಗೆಯಿರಿ. ಬಹುಮಾನ ವಿತರಣೆ 18ನೇ ಗ್ರೀನ್ ಹತ್ತಿರ ಇಲ್ಲವೇ ಕ್ಲಬ್ ಹೌಸ್ ಮುಂದೆ ನಡೆಯುತ್ತದೆ, ಅದಕ್ಕೂ ನಿಲ್ಲಿ. ಮೆಜೆಸ್ಟಿಕ್ ಕಡೆಯ ಸಂಜೆಯ ಟ್ರಾಫಿಕ್ ಲೆಕ್ಕ ಹಾಕಿ, ಆಟೊ ಬಿಟ್ಟು ಇಂದಿರಾನಗರದಿಂದ ಮೆಟ್ರೊ ಹಿಡಿಯುವುದೇ ಒಳ್ಳೆಯದು.